ಖೋಟಾ ಸಹಿಯವನ ಬೆನ್ನು ಹತ್ತಿ ಆರು ದಿನ

ಸಿಡ್ನಿಗೆ ಬಂದು ಮೂರು ವಾರವಾಗಿತ್ತು. ಒಪೇರಾ ಹೌಸ್ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದಾಯಿತು, ಕಾಂಗರೂವಿಗೆ ಮೇವು ತಿನ್ನಿಸಿದ್ದಾಯಿತು, ಮಗಳ ಮನೆಯ ಹಿತ್ತಲಿನಲ್ಲಿ ನನ್ನ ಹೆಂಡತಿ ಕರಿಬೇವಿನ ಗಿಡಕ್ಕೆ ಪಾತಿ ಕಟ್ಟಿದ್ದೂ ಆಯಿತು. ಊರಿಗೆ ಮರಳಲು ಇನ್ನೂ ಒಂದು ತಿಂಗಳಿತ್ತು. ಒಂದು ರಾತ್ರಿ ಊಟವಾದ ಮೇಲೆ ಅಳಿಯಂದಿರು ಪ್ಲಾಸ್ಟಿಕ್ ಲಕೋಟೆಯೊಂದನ್ನು ತಂದು ನನ್ನ ಕೈಗಿಟ್ಟರು. ಒಳಗೆ ಹತ್ತು ಡಾಲರಿನ ಹಳೆಯ ಕಾಗದದ ನೋಟು. ಹಳೆ ನಾಣ್ಯಗಳ ಅಂಗಡಿಯಲ್ಲಿ ಮುಖಬೆಲೆಗಿಂತ ಹೆಚ್ಚು ತೆತ್ತು ತಂದಿದ್ದರಂತೆ.

“ಮಾವ, ಈ ಮುಖ ನಿಮ್ಮ ಕಸುಬಿನವನದೇ. ಆದರೆ ಕೈದಿ” ಎಂದರು.

ಆ ಮುಖ ಫ್ರಾನ್ಸಿಸ್ ಗ್ರೀನ್‌ವೇಯದು. ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯಲ್ಲಿ 1777ರಲ್ಲಿ ಹುಟ್ಟಿದವನು. ಕಲ್ಲುಕೆಲಸ, ಕಟ್ಟಡದ ಕೆಲಸ ಮಾಡಿಕೊಂಡು ಬಂದ ಮನೆತನ. 1809ರಲ್ಲಿ ದಿವಾಳಿಯಾದ. ಕಟ್ಟಡವೊಂದರ ಗುತ್ತಿಗೆಯಲ್ಲಿ ತನಗೆ ಇನ್ನೂ 250 ಪೌಂಡ್ ಬರಬೇಕೆಂದು ತೋರಿಸುವ ಬರಹವನ್ನು ಖೋಟಾ ಮಾಡಿ ಸಿಕ್ಕಿಬಿದ್ದ. 1812ರಲ್ಲಿ ತಪ್ಪೊಪ್ಪಿಕೊಂಡ. ಗಲ್ಲು ಶಿಕ್ಷೆಯಾಯಿತು, ಅದು ಹದಿನಾಲ್ಕು ವರ್ಷದ ಕರಿನೀರಿನ ಶಿಕ್ಷೆಗೆ ಇಳಿಯಿತು. 1814ರ ಫೆಬ್ರವರಿಯಲ್ಲಿ ಸಿಡ್ನಿಯ ಬಂದರಿನಲ್ಲಿ ಇಳಿದ. ಅದೇ ದೇಶ 1966ರಲ್ಲಿ ಪೌಂಡ್ ಬಿಟ್ಟು ಡಾಲರಿಗೆ ಬಂದಾಗ ಮೊದಲ ಹತ್ತರ ನೋಟಿನ ಮೇಲೆ ಅಚ್ಚಾದದ್ದು ಅವನ ಮುಖ. ಖೋಟಾ ಕಾಗದ ಮಾಡಿದ್ದಕ್ಕೆ ಶಿಕ್ಷೆಯಾದವನನ್ನು ನೋಟಿನ ಮೇಲೇ ಕೂರಿಸಿದ ಸರ್ಕಾರ ಇನ್ನೊಂದು ಇರಲಾರದು.

ಸರ್ಕಾರಿ ಕಟ್ಟಡಗಳ ಕೆಲಸದಲ್ಲಿ ಮೂವತ್ತಮೂರು ವರ್ಷ ಇಂಜಿನಿಯರ್ ಆಗಿದ್ದವನು ನಾನು. ಬಿಲ್ಲಿನಲ್ಲಿ ‘ಹೆಚ್ಚುವರಿ ಕೆಲಸ’ ಎಂಬ ಸಾಲು ಹೇಗೆ ಮೊಳೆಯುತ್ತದೆ ಎಂಬುದು ನನಗೆ ತಿಳಿಯದ್ದಲ್ಲ. ರಾತ್ರಿಯೆಲ್ಲ ಆ ಮನುಷ್ಯ ತಲೆಯಲ್ಲಿ ಕೂತ. ಬೆಳಿಗ್ಗೆ ಎದ್ದು, ಅವನು ಕಟ್ಟಿದ್ದನ್ನೆಲ್ಲ ನೋಡಿ ಬರುತ್ತೇನೆ ಎಂದೆ. “ಒಬ್ಬರೇ ಹೋಗಿ ದಾರಿ ತಪ್ಪಬೇಡಿ, ನಾನೂ ಬರುತ್ತೇನೆ” ಎಂದಳು ಹೆಂಡತಿ.

ಮೊದಲ ದಿನ, ಸೋಮವಾರ

ಸರ್ಕ್ಯುಲರ್ ಕೀ ನಿಲ್ದಾಣದಲ್ಲಿ ಇಳಿದು ಎರಡು ಹೆಜ್ಜೆ ಹಾಕಿದರೆ ಮ್ಯಾಕ್ವಾರಿ ಪ್ಲೇಸ್. ಸುತ್ತ ಗಾಜಿನ ಗೋಪುರಗಳು, ನಡುವೆ ಸಣ್ಣದೊಂದು ತೋಟ, ಅದರಲ್ಲಿ ಮರಳುಗಲ್ಲಿನ ಒಂದು ಮೊನೆಗಂಬ. ಇದು 1818ರ ಕಲ್ಲು. ವಸಾಹತಿನ ಒಳನಾಡಿಗೆ ಹೋಗುವ ಎಲ್ಲ ರಸ್ತೆಗಳನ್ನೂ ಇಲ್ಲಿಂದಲೇ ಅಳೆಯಬೇಕೆಂದು ಅದರ ಮೈಮೇಲೆ ಕೆತ್ತಿದೆ: ಪ್ಯಾರಮ್ಯಾಟಾಗೆ 15½ ಮೈಲಿ, ವಿಂಡ್ಸರಿಗೆ 35½, ಬ್ಯಾಥರ್ಸ್ಟಿಗೆ 137. ರಸ್ತೆಯವನಿಗೆ ಸೊನ್ನೆ ಮೈಲಿಯ ಕಲ್ಲೆಂದರೆ ಊರದೇವರ ಕಲ್ಲಿದ್ದ ಹಾಗೆ. ಚಪ್ಪಲಿ ಬಿಡಲಿಲ್ಲ, ಅಷ್ಟೇ. ಇದರ ನಕ್ಷೆ ಗ್ರೀನ್‌ವೇಯದು. ಪಕ್ಕದಲ್ಲಿ ಒಂದು ಲಂಗರವೂ ಒಂದು ತೋಪೂ ಇವೆ. 1788ರಲ್ಲಿ ಕೈದಿಗಳನ್ನು ತುಂಬಿಕೊಂಡು ಬಂದ ಹನ್ನೊಂದು ಹಡಗುಗಳ ಮೊದಲ ದಂಡಿನ ಜೊತೆಗಿದ್ದ ಸೀರಿಯಸ್ ಎಂಬ ನೌಕೆಯವು.

ಅಲ್ಲಿಂದ ಮ್ಯಾಕ್ವಾರಿ ಬೀದಿ ಹತ್ತಿದೆವು. ನನ್ನ ಹೆಂಡತಿಗೆ ಮಂಡಿನೋವು. ಅವಳು ಬೆಂಚು ಕಂಡಲ್ಲೆಲ್ಲ ಕೂರುವುದು, ನಾನು ಗೋಡೆ ಕಂಡಲ್ಲೆಲ್ಲ ನಿಲ್ಲುವುದು. ಹಾಗಾಗಿ ನಮ್ಮ ವೇಗ ಸರಿಹೊಂದಿತು. ಕೋಟೆಯಂತೆ ಬುರುಜುಗಳಿರುವ ಬಿಳಿ ಕಟ್ಟಡವೊಂದು ಎಡಕ್ಕೆ ಕಂಡಿತು. ಒಳಗಿನಿಂದ ಪಿಟೀಲಿನ ದನಿ ಬರುತ್ತಿತ್ತು. ಅದು ಈಗ ಸಂಗೀತ ವಿದ್ಯಾಲಯ. ಗ್ರೀನ್‌ವೇ ಕಟ್ಟಿದ್ದು ಗವರ್ನರನ ಕುದುರೆ ಲಾಯಕ್ಕೆಂದು. ಕುದುರೆಗಳಿಗೆ ಇಂಥ ಅರಮನೆ ಏಕೆ ಎಂದು ಆ ಕಾಲದಲ್ಲೇ ಜನ ಆಡಿಕೊಂಡರಂತೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಅವನು ಕಟ್ಟದ ಒಂದು ಕಟ್ಟಡ. ಈ ಬೀದಿಯಲ್ಲಿ 1811ರಿಂದ 1816ರವರೆಗೆ ಒಂದು ಆಸ್ಪತ್ರೆ ಎದ್ದಿತು. ಸರ್ಕಾರದ ಬೊಕ್ಕಸದಲ್ಲಿ ಕಾಸಿರಲಿಲ್ಲ. ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ಮೂವರು ಗುತ್ತಿಗೆದಾರರನ್ನು ಕರೆದು, ಆಸ್ಪತ್ರೆ ಕಟ್ಟಿಕೊಡಿ, ಕೂಲಿಗೆ ಬದಲಾಗಿ ರಮ್ ತರಿಸಿ ಮಾರುವ ಏಕಸ್ವಾಮ್ಯ ಕೊಡುತ್ತೇನೆ ಎಂದ. ಮೊದಲು 45,000 ಗ್ಯಾಲನ್, ಆಮೇಲೆ 60,000. ಮೂವರಲ್ಲಿ ಒಬ್ಬ ಡಾರ್ಸಿ ವೆಂಟ್‌ವರ್ತ್. ಅವನೇ ವಸಾಹತಿನ ಮುಖ್ಯ ವೈದ್ಯ! ಹೆಂಡ ಮಾರಿ ಆಸ್ಪತ್ರೆ ಕಟ್ಟುವುದು, ಕಟ್ಟಿದ ಆಸ್ಪತ್ರೆಗೆ ತಾನೇ ವೈದ್ಯನಾಗುವುದು: ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನನ್ನ ಮೂವತ್ತಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕೆಲಸ ಮುಗಿದಾಗ ತಪಾಸಣೆಗೆ ಹೋದವರಲ್ಲಿ ಕೈದಿ ಗ್ರೀನ್‌ವೇಯೂ ಇದ್ದ. ಕೆಲಸ ಕಳಪೆ ಎಂದು ಮುಲಾಜಿಲ್ಲದೆ ಬರೆದ. ಗುತ್ತಿಗೆದಾರರು ರಿಪೇರಿ ಮಾಡಿಕೊಡಬೇಕಾಯಿತು. ಅವನ ಮಾತು ಸುಳ್ಳಾಗಲಿಲ್ಲ. ನಡುವಿನ ದೊಡ್ಡ ಕಟ್ಟಡವನ್ನು 1879ರಲ್ಲಿ ಕೆಡವಿಯೇ ಬಿಟ್ಟರು. ಎರಡು ರೆಕ್ಕೆಗಳು ಉಳಿದಿವೆ. ಒಂದರಲ್ಲಿ ರಾಜ್ಯದ ಶಾಸನಸಭೆ ಕೂರುತ್ತದೆ, ಇನ್ನೊಂದು ಹಳೆಯ ಟಂಕಸಾಲೆ.

ನಡುವೆ ಈಗಿರುವ ಸಿಡ್ನಿ ಆಸ್ಪತ್ರೆಯ ಮುಂದೆ ಕಂಚಿನ ಕಾಡುಹಂದಿಯೊಂದಿದೆ. ಮೂಗು ಸವರಿ ಕಾಸು ಹಾಕಿದರೆ ಒಳ್ಳೆಯದಾಗುತ್ತದಂತೆ. ಸವರಿ ಸವರಿ ಮೂಗು ಚಿನ್ನದಂತೆ ಹೊಳೆಯುತ್ತಿತ್ತು. ಹೆಂಡತಿ ಮೂಗನ್ನೂ ಸವರಿದಳು, ತನ್ನ ಮಂಡಿಯನ್ನೂ ಸವರಿಕೊಂಡಳು.

ಎರಡನೆಯ ದಿನ, ಮಂಗಳವಾರ

ಇವತ್ತು ಹೈಡ್ ಪಾರ್ಕ್ ಬ್ಯಾರಕ್ಸ್. ಇಡೀ ದಿನ ಇಲ್ಲೇ ಹೋಯಿತು.

ಮೂರಂತಸ್ತಿನ ಇಟ್ಟಿಗೆ ಕಟ್ಟಡ. ಅಲಂಕಾರ ಎನ್ನುವುದು ಹೆಚ್ಚಿಲ್ಲ. ಗೋಡೆಗೆ ಅಂಟಿದಂತಿರುವ ಚಪ್ಪಟೆ ಕಂಬಗಳು, ಸಾಲಾಗಿ ಕಿಟಕಿ, ನೆತ್ತಿಯ ತ್ರಿಕೋನದಲ್ಲಿ ಒಂದು ಗಡಿಯಾರ. ಆದರೆ ಅಳತೆಯಲ್ಲಿ ಒಂದು ಗಾಂಭೀರ್ಯವಿದೆ. ಯಾವುದು ಎಷ್ಟು ಅಗಲವಿರಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದು ಬಲ್ಲವನ ಕೈ. ಗಡಿಯಾರದ ಸುತ್ತ ಗವರ್ನರನ ಹೆಸರು, 1817 ಎಂಬ ಇಸವಿ. ಗಡಿಯಾರ ಮಾಡಿದ ಜೇಮ್ಸ್ ಓಟ್ಲಿಯೂ ಕೈದಿಯಾಗಿ ಬಂದವನೇ. ಅವನ ಹೆಸರಿನ ಬಡಾವಣೆಯೊಂದು ಈಗಲೂ ಇಲ್ಲಿದೆ.

ಕೈದಿಗಳು ಸುಟ್ಟ ಇಟ್ಟಿಗೆ, ಕೈದಿಗಳು ಹೊತ್ತ ಗಾರೆ. ಹತ್ತಿರ ಹೋಗಿ ಕೈಯಿಟ್ಟು ನೋಡಿದೆ. ಒಂದು ಇಟ್ಟಿಗೆ ನಸುಗೆಂಪು, ಪಕ್ಕದ್ದು ಕಂದು, ಒಂದು ಅರ್ಧ ಬೆಂದಿದೆ, ಒಂದು ಹೆಚ್ಚು ಬೆಂದು ಕಪ್ಪಾಗಿದೆ. ಮರದ ಅಚ್ಚಿಗೆ ಮರಳು ಉದುರಿಸಿ ಮಣ್ಣು ಒತ್ತಿ ತೆಗೆದವು, ಒಂದರಂತೆ ಇನ್ನೊಂದಿಲ್ಲ. ಆಗ ಇಲ್ಲಿ ಸುಣ್ಣದ ಕಲ್ಲು ಸಿಗುತ್ತಿರಲಿಲ್ಲ. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ನಮ್ಮ ಕರಾವಳಿಯ ಹಳೆಯ ಮನೆಗಳ ಗಾರೆಯೂ ಚಿಪ್ಪಿನ ಸುಣ್ಣದ್ದೇ. ಕಾರವಾರದ ಕಡೆ ಕೆಲಸಕ್ಕಿದ್ದಾಗ ಹಳೆ ಗೋಡೆ ಕೆಡವಿದರೆ ಗಾರೆಯಲ್ಲಿ ಚಿಪ್ಪಿನ ಚೂರು ಮಿನುಗುವುದನ್ನು ಕಂಡಿದ್ದೆ. ಇಲ್ಲಿ ಚಿಪ್ಪಿಗಾಗಿ ಅಗೆದದ್ದು ಬಹಳಷ್ಟು ಕಡೆ ಈ ನೆಲದ ಮೂಲ ಜನ ಸಾವಿರಾರು ವರ್ಷ ತಿಂದು ಬಿಟ್ಟ ಚಿಪ್ಪಿನ ದಿಬ್ಬಗಳನ್ನು. ಅವರ ಊಟದ ಗುರುತು ಇವರ ಗೋಡೆಯೊಳಗೆ ಸೇರಿತು.

ಒಳಗೆ, ಮೇಲಿನ ಮಹಡಿಯಲ್ಲಿ, ಮರದ ದೂಲಗಳಿಗೆ ಸಾಲಾಗಿ ಜೋಲಿ ಕಟ್ಟಿದ್ದಾರೆ. ತೊಟ್ಟಿಲಿನ ಜೋಲಿಯಲ್ಲ, ದಪ್ಪ ಕ್ಯಾನ್ವಾಸಿನದು. ಒಂದರ ಪಕ್ಕಕ್ಕೆ ಇನ್ನೊಂದು ತಾಗುವಷ್ಟು ಒತ್ತಾಗಿ. ಆರುನೂರು ಜನಕ್ಕೆಂದು ಕಟ್ಟಿದ್ದರಲ್ಲಿ ಒಮ್ಮೊಮ್ಮೆ ಅದರ ಎರಡು ಪಟ್ಟಿಗೂ ಹೆಚ್ಚು ಜನರನ್ನು ತುಂಬಿದ್ದರು. ಮಲಗಿ ನೋಡಬಹುದೆಂದು ಹೇಳಿದರು. ಮಲಗಿದೆ. ಏಳಲು ಇಬ್ಬರ ಸಹಾಯ ಬೇಕಾಯಿತು.

ಗೋಡೆಯ ಮೇಲಿನ ಬರಹಗಳನ್ನು ಓದುತ್ತಾ ಹೋದಂತೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ಈ ಕಟ್ಟಡ ಬರುವ ಮುಂಚೆ ಸಿಡ್ನಿಯ ಕೈದಿಗಳು ಊರೊಳಗೆ ಬಾಡಿಗೆ ಕೋಣೆಗಳಲ್ಲಿದ್ದರು. ಮಧ್ಯಾಹ್ನದವರೆಗೆ ಸರ್ಕಾರದ ಕೆಲಸ. ಆಮೇಲೆ ಯಾರ ಬಳಿಯಾದರೂ ದುಡಿದು ಬಾಡಿಗೆಗೆ, ಊಟಕ್ಕೆ ಸಂಪಾದಿಸಿಕೊಳ್ಳುತ್ತಿದ್ದರು. ಕುಡಿತ, ಕಳ್ಳತನ ಇದ್ದವು. ಜೊತೆಗೆ ಒಂದಿಷ್ಟು ಸ್ವಾತಂತ್ರ್ಯವೂ ಇತ್ತು. ಬ್ಯಾರಕ್ಸ್ ಬಂದ ಮೇಲೆ ರಾತ್ರಿಯಾದರೆ ಎಲ್ಲರೂ ಗೋಡೆಯೊಳಗೆ. 1819ರ ಜೂನ್ 4ರಂದು, ರಾಜನ ಹುಟ್ಟುಹಬ್ಬದ ದಿನ, ಗವರ್ನರ್ 589 ಕೈದಿಗಳಿಗೆ ಇಲ್ಲಿ ಗೃಹಪ್ರವೇಶದ ಊಟ ಹಾಕಿದ: ದನದ ಮಾಂಸ, ಪುಡಿಂಗ್, ಕುಡಿಯಲು ಪಂಚ್. ಊಟ ಮುಗಿದ ಮೇಲೆ ಬಾಗಿಲಿಗೆ ಬೀಗ.

ಆ ಬೀಗ ಹಾಕುವ ಬಾಗಿಲನ್ನು ಬರೆದವನೂ ಕೈದಿಯೇ. ಅವನು ಮಾತ್ರ ಇಲ್ಲಿ ಒಂದು ರಾತ್ರಿಯೂ ಮಲಗಬೇಕಾಗಲಿಲ್ಲ. ಹಿಂದೆಯೇ ಹಡಗು ಹತ್ತಿ ಬಂದ ಹೆಂಡತಿ ಮೇರಿ, ಮಕ್ಕಳ ಜೊತೆ ಸರ್ಕಾರ ಕೊಟ್ಟ ಮನೆಯಲ್ಲಿದ್ದ. ಈ ಕಟ್ಟಡ ನೋಡಿ ಮೆಚ್ಚಿದ ಮ್ಯಾಕ್ವಾರಿ ಅದೇ ವರ್ಷ ಅವನಿಗೆ ಪೂರ್ಣ ಕ್ಷಮೆ ಕೊಟ್ಟ. ಜೊತೆಯವರಿಗೆ ಸೆರೆಮನೆ ಕಟ್ಟಿ ತಾನು ಬಿಡುಗಡೆಯಾದ. ಇದನ್ನು ಹೆಂಡತಿಗೆ ಹೇಳಿದೆ. “ಕಟ್ಟುವುದಿಲ್ಲ ಎನ್ನಲು ಅವನಿಗೆ ಬಾಯಿತ್ತೇ?” ಎಂದಳು. ಇರಲಿಲ್ಲ, ನಿಜ. ಆದರೆ ಅವನು ಬಾಯಿಲ್ಲದವನೂ ಅಲ್ಲ. ಅದನ್ನು ನಾಳೆ ಹೇಳುತ್ತೇನೆ.

ಒಂದು ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಗೀಟಿನ ಅಂಗಿಯೊಂದಿದೆ. ಕೈದಿಯದು. ಇದನ್ನು ಉಳಿಸಿಕೊಟ್ಟದ್ದು ಇಲಿಗಳು. ನೆಲದ ಹಲಗೆಯ ಕೆಳಗೆ ಗೂಡು ಕಟ್ಟಲು ಬಟ್ಟೆ, ಕಾಗದ, ದಾರ, ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಹೋಗಿದ್ದವು. ಹಲಗೆ ಕಿತ್ತಾಗ ಸಂಶೋಧಕರಿಗೆ ಅಲ್ಲಿ ಒಂದು ಖಜಾನೆಯೇ ಸಿಕ್ಕಿತು. 1848ರವರೆಗೆ ಸುಮಾರು ಐವತ್ತು ಸಾವಿರ ಕೈದಿಗಳು ಈ ಮನೆ ಹೊಕ್ಕು ಹೋದರು. ಆಮೇಲೆ ಐರ್ಲೆಂಡಿನ ಬರಗಾಲದಲ್ಲಿ ಅನಾಥರಾದ ಹುಡುಗಿಯರು, ದಿಕ್ಕಿಲ್ಲದ ಮುದುಕಿಯರು. ಅವರ ವಸ್ತುಗಳೂ ಇಲಿಗೂಡಿನಲ್ಲಿ ಇದ್ದವು. ಅವುಗಳ ಹಾಗೆ ಜಾತಿಭೇದವಿಲ್ಲದೆ ದಾಖಲೆ ಇಟ್ಟ ಗುಮಾಸ್ತನನ್ನು ನಾನು ಕಂಡಿಲ್ಲ.

ಬೀದಿ ದಾಟಿದರೆ ಸೇಂಟ್ ಜೇಮ್ಸ್ ಚರ್ಚು. ಇದೂ ಗ್ರೀನ್‌ವೇಯದೇ. ನ್ಯಾಯಾಲಯವೆಂದು ಪಾಯ ಎದ್ದದ್ದು. ಲಂಡನ್ನಿನಿಂದ ತನಿಖೆಗೆ ಬಂದ ಆಯುಕ್ತ ಬಿಗ್ ಎಂಬವನು ಇದನ್ನೇ ಚರ್ಚು ಮಾಡಿ ಎಂದ, ಚರ್ಚಾಯಿತು. ಅರ್ಧ ಎದ್ದ ಕಟ್ಟಡದ ನಕ್ಷೆ ಬದಲಿಸಬೇಕಾಗಿ ಬಂದ ಎಲ್ಲರಿಗೂ ನನ್ನ ಸಹಾನುಭೂತಿ ಇದೆ.

ಮೂರನೆಯ ದಿನ, ಬುಧವಾರ

ಮಳೆ. ಎಲ್ಲಿಗೂ ಹೋಗಲಿಲ್ಲ. ಮೆಣಸಿನಕಾಯಿ ಬಜ್ಜಿ ಆಯಿತು, ಓದು ಆಯಿತು.

ಗ್ರೀನ್‌ವೇ ಬಂದ ಹಡಗು ಜನರಲ್ ಹೆವಿಟ್. ಮುನ್ನೂರು ಕೈದಿಗಳು ಹತ್ತಿದರು. ಮೂವತ್ತನಾಲ್ಕು ಜನರ ಹೆಣ ದಾರಿಯಲ್ಲೇ ಸಮುದ್ರ ಸೇರಿತು. ಮುಂದೆ ಬಂದ ಇನ್ನೆರಡು ಹಡಗುಗಳಲ್ಲೂ ಸಾವು. ತನಿಖೆ ಮಾಡಿ ವರದಿ ಬರೆದ ವೈದ್ಯ ವಿಲಿಯಂ ರೆಡ್‌ಫರ್ನ್, ಅವನೂ ನೌಕಾದಂಗೆಯ ಪ್ರಕರಣದಲ್ಲಿ ಶಿಕ್ಷೆಯಾಗಿ ಬಂದವನೇ. ಗಾಳಿ ಬೇಕು, ಶುಚಿ ಬೇಕು, ಅಧಿಕಾರವಿರುವ ವೈದ್ಯ ಬೇಕು ಎಂದ. ಅನಂತರ ಪ್ರತಿ ಕೈದಿ ಹಡಗಿಗೂ ಅಂಥ ವೈದ್ಯನನ್ನು ಹಾಕಿದರು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಸುಮಾರು 1,62,000 ಕೈದಿಗಳಲ್ಲಿ ಎಷ್ಟೋ ಮಂದಿ ಬದುಕಿ ದಡ ಸೇರಿದ್ದು ಇನ್ನೊಬ್ಬ ಕೈದಿಯ ಲೇಖನಿಯಿಂದ.

ಈಗ ಬಾಯಿಯ ವಿಷಯ. ಬಂದ ಕೆಲವೇ ತಿಂಗಳಿಗೆ ಮ್ಯಾಕ್ವಾರಿ ಇವನನ್ನು ಕರೆಸಿ, ಒಂದು ಪುಸ್ತಕದಲ್ಲಿದ್ದ ನಕ್ಷೆ ತೋರಿಸಿ, ಇದನ್ನು ನಕಲು ಮಾಡಿಕೊಡು ಎಂದ. ನಾನು ನಕಲು ಮಾಡುವವನಲ್ಲ, ವಾಸ್ತುಶಿಲ್ಪಿ ಎನ್ನುವ ಧಾಟಿಯಲ್ಲಿ ಕೈದಿ ಗವರ್ನರನಿಗೆ ಉದ್ದನೆಯ ಪತ್ರ ಬರೆದ. ನಕಲಿ ಬರಹಕ್ಕೆ ಶಿಕ್ಷೆಯಾದವನಿಗೆ ನಕಲಿನ ಮೇಲೆ ಇಷ್ಟು ಸಿಟ್ಟು! ಗವರ್ನರ್ ಗದರಿದ, ಆದರೆ ಬಿಡಲಿಲ್ಲ. 1816ರಲ್ಲಿ ದಿನಕ್ಕೆ ಮೂರು ಷಿಲಿಂಗ್ ಸಂಬಳದ ಮೇಲೆ ಸರ್ಕಾರದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡ.

ಈ ಮ್ಯಾಕ್ವಾರಿ ಯಾರು ಎಂದು ಕೆದಕುತ್ತಾ ಹೋದವನು ಕುರ್ಚಿಯಲ್ಲೇ ನೆಟ್ಟಗಾದೆ. 1792ರಲ್ಲೂ 1799ರಲ್ಲೂ ಬೊಂಬಾಯಿ ಸೇನೆಯ ಅಧಿಕಾರಿಯಾಗಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಬಂದವರಲ್ಲಿ ಇವನೂ ಇದ್ದ. ಎರಡನೆಯ ಸಲ ಕಣ್ಣೂರಿನಿಂದ ಕೊಡಗಿನ ಮೇಲೆ ಹಾದು ಬಂದ ದಂಡಿನಲ್ಲಿ. ಟಿಪ್ಪು ಬಿದ್ದ ಮೇ 4ರಂದು ಅಲ್ಲೇ ಇದ್ದ. ನಾನು ಹುಟ್ಟಿದ್ದು ಅದೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಕೋಟೆ ಒಡೆದ ಜಾಗದಲ್ಲಿ ಗೋಲಿ ಆಡಿ ಬೆಳೆದವನು.

“ನಮ್ಮೂರು ಕೆಡವಿ ಬಂದು ಇಲ್ಲಿ ಊರು ಕಟ್ಟಿದನೇ?” ಎಂದಳು ಹೆಂಡತಿ, ಬಜ್ಜಿ ಕರಿಯುತ್ತಲೇ.

ಇಷ್ಟೇ ಅಲ್ಲ. 1795ರಲ್ಲಿ ಅವನು ಕೊಚ್ಚಿಯಲ್ಲಿ ಇಬ್ಬರು ಹುಡುಗರನ್ನು ಗುಲಾಮರಾಗಿ ಕೊಂಡಿದ್ದ. ಅವರಲ್ಲೊಬ್ಬ, ಜಾರ್ಜ್ ಜಾರ್ವಿಸ್ ಎಂದು ಹೆಸರಿಡಿಸಿಕೊಂಡವನು, ಸಿಡ್ನಿಗೂ ಜೊತೆಯಲ್ಲಿ ಬಂದು ಯಜಮಾನನ ಕೊನೆಯವರೆಗೂ ಸೇವೆ ಮಾಡಿದ. ಆ ಹುಡುಗನ ಹುಟ್ಟುಹೆಸರು ಏನಿತ್ತೋ. ನಿನ್ನೆ ಹೈಡ್ ಪಾರ್ಕಿನಲ್ಲಿ ಮ್ಯಾಕ್ವಾರಿಯ ಪ್ರತಿಮೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದೆ. ಕೈದಿಗಳಿಗೆ ಎರಡನೆಯ ಬದುಕು ಕೊಟ್ಟ ದೊಡ್ಡ ಮನುಷ್ಯ ಎಂಬ ಗೌರವದಿಂದಲೇ. 1816ರ ಏಪ್ರಿಲ್‌ನಲ್ಲಿ ಅವನು ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿದ. ಆ್ಯಪಿನ್ ಎಂಬಲ್ಲಿ ಕನಿಷ್ಠ ಹದಿನಾಲ್ಕು ಜನ ಸತ್ತರು. ಫೋಟೊ ಅಳಿಸಲಿಲ್ಲ. ಊರಿನ ಗುಂಪಿಗೆ ಕಳಿಸಲೂ ಇಲ್ಲ.

ನಾಲ್ಕನೆಯ ದಿನ, ಗುರುವಾರ

ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ದೋಣಿ ಹತ್ತಿ ವಾಟ್ಸನ್ಸ್ ಬೇಗೆ ಹೋದೆವು. ಅಲ್ಲಿಂದ ಕಡಲ ಬಂಡೆಯಂಚಿನ ದಾರಿ ಹಿಡಿದು ಏರಿದರೆ ಮ್ಯಾಕ್ವಾರಿ ದೀಪಸ್ತಂಭ. ಹೆಂಡತಿ ಕೆಳಗೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಕಾಯುತ್ತೇನೆ ಎಂದಳು. ಕಡಲಹಕ್ಕಿಗಳ ಕಾಟ ನೋಡಿದರೆ ಕಾಯುವ ಅಗತ್ಯವೂ ಇತ್ತು.

ಇದರ ಅಡಿಗಲ್ಲು 1816ರ ಜುಲೈನಲ್ಲಿ. ಗ್ರೀನ್‌ವೇಗೆ ವಹಿಸಿದ ಮೊದಲ ದೊಡ್ಡ ಕೆಲಸ. ಸಿಕ್ಕಿದ ಮರಳುಗಲ್ಲು ಮೃದು. ಈ ಕಲ್ಲು ಉಪ್ಪುಗಾಳಿಗೆ ತಾಳುವುದಿಲ್ಲ ಎಂದು ಅವನಿಗೆ ಆಗಲೇ ಅಳುಕಿತ್ತು. ಬೇರೆ ಕಲ್ಲಿಲ್ಲ, ಗವರ್ನರನಿಗೆ ಅವಸರ, ಕಟ್ಟಿದ. 1817ರ ಡಿಸೆಂಬರಿನಲ್ಲಿ ಮ್ಯಾಕ್ವಾರಿ ಇಲ್ಲಿಗೇ ಬಂದು, ಎದ್ದು ನಿಂತ ಗೋಪುರದ ಬಳಿಯೇ, ಷರತ್ತಿನ ಬಿಡುಗಡೆಯ ಪತ್ರವನ್ನು ಅವನ ಕೈಗೆ ಕೊಟ್ಟ. ಒಂದು ಖೋಟಾ ಪತ್ರಕ್ಕೆ ಹೋದ ಸ್ವಾತಂತ್ರ್ಯ ಒಂದು ಅಸಲಿ ಪತ್ರದಲ್ಲಿ ಮರಳಿತು. ಐದಾರು ವರ್ಷ ಕಳೆಯುವುದರೊಳಗೆ ಕಲ್ಲುಗಳು ಕಳಚತೊಡಗಿದವು. ಕಬ್ಬಿಣದ ಪಟ್ಟಿ ಬಿಗಿದು, ಪೀಪಾಯಿಯ ಹಾಗೆ ಹಿಡಿದು ನಿಲ್ಲಿಸಿದರು. ಕೊನೆಗೆ 1883ರಲ್ಲಿ ಜೇಮ್ಸ್ ಬಾರ್ನೆಟ್ ಎಂಬ ವಾಸ್ತುಶಿಲ್ಪಿ ಪಕ್ಕದಲ್ಲೇ ಹೊಸದೊಂದನ್ನು ಕಟ್ಟಿದ ಮೇಲೆ ಹಳೆಯದನ್ನು ಇಳಿಸಿದರು.

ಬಾರ್ನೆಟ್ ಹೊಸ ನಕ್ಷೆ ಮಾಡಬಹುದಿತ್ತು. ಮಾಡಲಿಲ್ಲ. ಹೆಚ್ಚು ಕಡಿಮೆ ಹಳೆಯದರ ಹಾಗೆಯೇ ಕಟ್ಟಿದ. ನಾನು ಅದರ ಬುಡದಲ್ಲಿ ನಿಂತು ಮೇಲೆ ನೋಡಿದೆ: ಬಿಳಿ ಗೋಪುರ, ಎರಡು ಕಡೆ ಗುಮ್ಮಟದ ಕೋಣೆಗಳು. ಎದುರಿಗೆ ನೋಡಿದಷ್ಟೂ ನೀರು. ನಕಲು ಮಾಡು ಎಂದದ್ದಕ್ಕೆ ಸಿಡುಕಿದವನ ಕಟ್ಟಡವನ್ನು ಇನ್ನೊಬ್ಬ ಗೌರವದಿಂದ ನಕಲು ಮಾಡಿ ಉಳಿಸಿಕೊಟ್ಟಿದ್ದಾನೆ.

ಕಲ್ಲಿನ ವಿಷಯಕ್ಕೆ ಒಂದು ಮಾತು. ಇಂಥ ಕಲ್ಲಿನಲ್ಲಿ ಬೇಡ ಎಂದು ಟಿಪ್ಪಣಿ ಬರೆದು, ಆಮೇಲೆ ಅದೇ ಕಲ್ಲಿಗೆ ಅಳತೆ ಪುಸ್ತಕದಲ್ಲಿ ಸಹಿ ಹಾಕಿದ ದಿನ ನನ್ನ ಬದುಕಿನಲ್ಲೂ ಒಂದಿದೆ. ಎಲ್ಲಿ, ಯಾವ ಕಟ್ಟಡ ಎಂಬುದು ಇಲ್ಲಿ ಬೇಡ. ಸಹಿ ನನ್ನದೇ, ಖೋಟಾ ಅಲ್ಲ. ಚಿತ್ರಾನ್ನ ತಿನ್ನುವಾಗ ಅದು ನೆನಪಾಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉಪ್ಪು ಕಡಿಮೆಯಾಯಿತೇ ಎಂದು ಅವಳು ಎರಡು ಸಲ ಕೇಳಿದಳು.

ಐದನೆಯ ದಿನ, ಶುಕ್ರವಾರ

ರೈಲಿನಲ್ಲಿ ವಿಂಡ್ಸರಿಗೆ. ಹಾಕ್ಸ್‌ಬರಿ ನದಿಯ ದಂಡೆಯ ಊರು. ಇಲ್ಲಿನ ಮೂಲನಿವಾಸಿಗಳಾದ ದರುಗ್ ಜನರಿಗೆ ಈ ನದಿ ದ್ಯಾರಬಿನ್. ನೆರೆ ಬಂದರೆ ನದಿ ಊರೊಳಗೇ ನಡೆದು ಬರುತ್ತದಂತೆ. ಹಾಗಾಗಿ ಮ್ಯಾಕ್ವಾರಿ 1810ರಲ್ಲಿ ಎತ್ತರದ ನೆಲ ನೋಡಿ ಊರು ಗುರುತಿಸಿದ.

ದಿಬ್ಬದ ಮೇಲೆ ಸೇಂಟ್ ಮ್ಯಾಥ್ಯೂ ಚರ್ಚು. ಇಷ್ಟು ದಿನ ನೋಡಿದ್ದರಲ್ಲಿ ನನಗೆ ಹಿಡಿಸಿದ್ದು ಇದು. ಇಟ್ಟಿಗೆಯ ಚೌಕ ಗೋಪುರ, ಕಮಾನು ಕಿಟಕಿ, ಅಷ್ಟೇ. ಮಧ್ಯಾಹ್ನದ ಬಿಸಿಲು ಬಿದ್ದಾಗ ಇಡೀ ಗೋಡೆ ಹದವಾಗಿ ಹುರಿದ ರವೆಯ ಬಣ್ಣಕ್ಕೆ ಬಂತು.

ಅಡಿಗಲ್ಲು ಇಟ್ಟದ್ದು 1817ರ ಅಕ್ಟೋಬರ್ 11ರಂದು, ಶನಿವಾರ. ಶಾಸ್ತ್ರದಂತೆ ಗವರ್ನರ್ ಕಲ್ಲಿನ ಕೆಳಗೆ ಒಂದು ‘ತೂತು ಡಾಲರ್’ ಇಟ್ಟ. ರಾತ್ರಿ ಯಾರೋ ಕಲ್ಲು ಸರಿಸಿ ನಾಣ್ಯ ಹೊಡೆದರು. ಸೋಮವಾರ ಮತ್ತೆ ಶಂಕುಸ್ಥಾಪನೆ, ಮತ್ತೆ ನಾಣ್ಯ, ಅದೂ ಮಾಯ. ಮೂರನೆಯ ಸಲ ಇಡುವ ಧೈರ್ಯ ಯಾರಿಗೂ ಬರಲಿಲ್ಲ.

ಆ ತೂತು ಡಾಲರಿನ ಕಥೆ ಇದಕ್ಕಿಂತ ಸೊಗಸು. ವಸಾಹತಿನಲ್ಲಿ ಚಿಲ್ಲರೆಗೆ ಬರ. 1812ರಲ್ಲಿ ಮದ್ರಾಸಿನಿಂದ ಹಡಗಿನಲ್ಲಿ ನಲವತ್ತು ಸಾವಿರ ಸ್ಪೇನಿನ ಡಾಲರು ತರಿಸಿದರು. ಹೊರಗಿನ ವ್ಯಾಪಾರಿಗಳು ಹೊತ್ತುಕೊಂಡು ಹೋಗದಿರಲೆಂದು ಪ್ರತಿ ನಾಣ್ಯದ ನಡುವೆ ತೂತು ಹೊಡೆಸಿದರು. ಹೊರಬಳೆ ಐದು ಷಿಲಿಂಗ್, ಉದುರಿದ ಬಿಲ್ಲೆ ಹದಿನೈದು ಪೆನ್ಸ್. ಒಂದು ನಾಣ್ಯ ಎರಡಾಯಿತು. ತೂತು ಹೊಡೆಯಲು ಹಿಡಿದದ್ದು ವಿಲಿಯಂ ಹೆನ್‌ಶಾಲ್ ಎಂಬವನನ್ನು. ಅವನು ಇಲ್ಲಿಗೆ ಬಂದದ್ದೇ ಖೋಟಾ ನಾಣ್ಯ ಮಾಡಿದ್ದಕ್ಕೆ. ಕಳ್ಳನ ಕೈಗೆ ಬೀಗದ ಕೈ ಕೊಡುವುದೆಂದರೆ ಇದೇ ಇರಬೇಕು. ಬೇರೆ ಕೈ ಇರಲಿಲ್ಲವಲ್ಲ.

ಚರ್ಚಿನ ಕೆಲಸ ಶುರುವಾಗಿ ಗೋಡೆ ಎದ್ದ ಮೇಲೆ ಗ್ರೀನ್‌ವೇ ಬಂದು ನೋಡಿದ. ಇಟ್ಟಿಗೆ ಸರಿಯಿಲ್ಲ, ಗಾರೆ ಸರಿಯಿಲ್ಲ. ಕೆಡವಿಸಿದ. ಎದ್ದ ಗೋಡೆ ಕೆಡವಿಸಲು ಎದೆಗಾರಿಕೆ ಬೇಕು. ಗುತ್ತಿಗೆದಾರನ ಕಣ್ಣು, ಮೇಲಿನವರ ಕಣ್ಣು, ಖರ್ಚಿನ ಲೆಕ್ಕ ಎಲ್ಲವನ್ನೂ ಎದುರಿಸಬೇಕು. ಅದೂ ಹಣೆಯ ಮೇಲೆ ಕೈದಿ ಎಂಬ ಮುದ್ರೆ ಇದ್ದವನು. ಜೇಬಿನಲ್ಲಿದ್ದ ಟೇಪು ತೆಗೆದು ಗೋಡೆಯ ಒಂದು ಮೂಲೆಯಲ್ಲಿ ಇಟ್ಟಿಗೆಯ ವರಸೆ ಅಳೆದೆ. ಹತ್ತು ವರಸೆ ಒಂದು ಕಡೆ, ಹತ್ತು ವರಸೆ ಇನ್ನೊಂದು ಕಡೆ. ಒಂದೊಂದು ಇಟ್ಟಿಗೆ ಒಂದೊಂದು ಗಾತ್ರ, ಆದರೂ ಮಟ್ಟ ಎರಡೂ ಕಡೆ ಒಂದೇ. ಹೆಚ್ಚು ಕಡಿಮೆಯನ್ನೆಲ್ಲ ಗಾರೆಯಲ್ಲಿ ನುಂಗಿಸಿದ್ದಾರೆ. ಯಾರೋ ಹೆಸರಿಲ್ಲದ ಕೈದಿ ಗಾರೆಯವನು ದಾರ ಹಿಡಿದು ಕೂತಿದ್ದನಲ್ಲ, ಅವನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ಹಿಂದಿನ ಸ್ಮಶಾನದಲ್ಲಿ ಆ್ಯಂಡ್ರೂ ಥಾಂಪ್ಸನ್ ಎಂಬವನ ಸಮಾಧಿ ಇದೆ. ಸ್ಕಾಟ್ಲೆಂಡಿನಲ್ಲಿ ಬಟ್ಟೆ ಕದ್ದು ಹದಿಹರೆಯದಲ್ಲೇ ಶಿಕ್ಷೆಯಾಗಿ ಬಂದ. 1810ರಲ್ಲಿ ಮ್ಯಾಕ್ವಾರಿ ಅವನನ್ನು ಮ್ಯಾಜಿಸ್ಟ್ರೇಟ್ ಮಾಡಿದ. ನ್ಯಾಯಪೀಠದ ಮೇಲೆ ಕಳ್ಳ ಕೂರುವುದೇ ಎಂದು ದೊಡ್ಡವರೆಲ್ಲ ಮೂಗು ಮುರಿದರು. ಅದೇ ವರ್ಷ ಸತ್ತ; ಸಾಯುವಾಗ ಆಸ್ತಿಯ ಕಾಲು ಭಾಗವನ್ನು ಗವರ್ನರನಿಗೆ ಬರೆದಿಟ್ಟ.

ಹಿಂತಿರುಗುವಾಗ ನಿಲ್ದಾಣದಲ್ಲಿ ಕಾರ್ಡ್ ತೋರಿಸಿ ಹೊರಬರುವುದನ್ನು ಮರೆತು, ದುಡ್ಡು ಹೆಚ್ಚು ಕತ್ತರಿಸಿಕೊಂಡೆ. ಮೊಮ್ಮಗನಿಗೆ ಇದು ವಾರವಿಡೀ ನಗುವ ವಿಷಯವಾಯಿತು.

ಆರನೆಯ ದಿನ, ಶನಿವಾರ

ಕೊನೆಯ ಊರು ಈಸ್ಟ್ ಮೈಟ್‌ಲೆಂಡ್, ಉತ್ತರಕ್ಕೆ. ಬೆಳಿಗ್ಗೆ ಆರಕ್ಕೆ ಹೊರಟು, ದಾರಿಯಲ್ಲಿ ರೈಲು ಬದಲಿಸಿ, ಹಂಟರ್ ನದಿಯ ತಗ್ಗು ಬಯಲಿಗೆ ಬಂದೆವು. ಟಾರೊ ಎಂಬ ಪುಟ್ಟ ನಿಲ್ದಾಣ ಕಿಟಕಿಯಲ್ಲಿ ಹಾದುಹೋಯಿತು. ಗ್ರೀನ್‌ವೇಗೆ ಸರ್ಕಾರ ಕೊಟ್ಟ 800 ಎಕರೆ ಈ ಸುತ್ತಿನಲ್ಲೇ ಇತ್ತು. ಜೌಗು ನೆಲ, ಉದ್ದ ಹುಲ್ಲು, ಅಲ್ಲಲ್ಲಿ ಬಿಳಿ ಕೊಕ್ಕರೆ.

ಕೊನೆಗಾಲ ಚೆನ್ನಾಗಿರಲಿಲ್ಲ. ಅವನ ಸ್ವಭಾವವೂ ಅದಕ್ಕೆ ಕಾರಣ. ಸೇನೆಯ ಕ್ಯಾಪ್ಟನ್ ಒಬ್ಬನಿಂದ ಚಾವಟಿ ಏಟು ತಿಂದದ್ದೂ ಉಂಟು, ಅವನ ಮೇಲೆ ದಾವೆ ಹೂಡಿ ಗೆದ್ದದ್ದೂ ಉಂಟು. ಬಿಗ್ ಆಯುಕ್ತನಿಗೆ ಈ ಕಟ್ಟಡಗಳೆಲ್ಲ ದುಂದಾಗಿ ಕಂಡವು. ಮ್ಯಾಕ್ವಾರಿಯ ಜೊತೆಗೂ ಕೆಟ್ಟಿತು. ಸಂಬಳವಲ್ಲದೆ ಕಟ್ಟಡಗಳ ಮೇಲಿನ ಕಮಿಷನ್ ಎಂದು ಇವನು ಹನ್ನೊಂದು ಸಾವಿರ ಪೌಂಡಿಗೂ ಹೆಚ್ಚಿನ ಬಿಲ್ಲು ಇಟ್ಟ. ದಿನಕ್ಕೆ ಮೂರು ಷಿಲಿಂಗಿನವನು! ನನಗೆ ನಗು ಬಂತು. ಆಮೇಲೆ ಆ ಕಟ್ಟಡಗಳ ಬೆಲೆ ಯೋಚಿಸಿ ನಗು ನಿಂತಿತು. 1822ರಲ್ಲಿ ಹೊಸ ಗವರ್ನರ್ ಕೆಲಸದಿಂದ ತೆಗೆದ. ಸರ್ಕಾರಿ ಮನೆ ಬಿಡು ಎಂದರೆ ಇದು ನನಗೆ ಕೊಟ್ಟದ್ದು ಎಂದು ಪತ್ರ ತೋರಿಸಿ ಕೂತ. ಆ ಪತ್ರವೂ ಖೋಟಾ ಇರಬಹುದು ಎಂಬ ಶಂಕೆ ಇದೆ. 1837ರ ಸೆಪ್ಟೆಂಬರಿನಲ್ಲಿ, ಅರವತ್ತರ ಹತ್ತಿರದಲ್ಲಿ, ತೀರಿಕೊಂಡ.

ಗ್ಲೀಬ್ ಸ್ಮಶಾನ ಊರಿನ ಅಂಚಿನಲ್ಲಿದೆ. ಹುಲ್ಲು ಮಂಡಿಯವರೆಗೆ. ವಾಲಿದ ಕಲ್ಲುಗಳು, ಅಕ್ಷರ ಸವೆದವು ಕೆಲವು. ಇಲ್ಲೇ ಹೂತರು ಎಂಬುದು ದಾಖಲೆ. ಎಲ್ಲಿ ಎಂಬುದಕ್ಕೆ ಗುರುತಿಲ್ಲ. ಎಲ್ಲ ರಸ್ತೆಗಳಿಗೂ ಸೊನ್ನೆ ಮೈಲಿಯ ಕಲ್ಲು ನಿಲ್ಲಿಸಿದವನ ತಲೆಯ ಬಳಿ ಯಾರೂ ಕಲ್ಲು ನಿಲ್ಲಿಸಿಲ್ಲ. ಹೆಂಡತಿ ಹುಲ್ಲಿನಲ್ಲಿ ಅರಳಿದ್ದ ಸಣ್ಣ ಹಳದಿ ಹೂ ಕಿತ್ತು, “ಯಾವುದಕ್ಕೆ ಇಡಲಿ?” ಎಂದಳು. ನಾನು ಸುತ್ತಲೂ ನೋಡಿದೆ. ಅವಳು ಹತ್ತಿರದಲ್ಲಿದ್ದ, ಹೆಸರು ಅಳಿಸಿಹೋದ ಒಂದು ಕಲ್ಲಿನ ಮೇಲೆ ಇಟ್ಟು ಬಂದಳು.

ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬೀದಿಯ ಒಂದು ಸಣ್ಣ ಅಂಗಡಿಯಲ್ಲಿ ಎರಡು ಕಾಫಿ ತೆಗೆದುಕೊಂಡೆವು. ಮೊಬೈಲಿನಲ್ಲಿ ಚಾರ್ಜ್ ಮುಗಿದಿತ್ತು, ಕಾರ್ಡು ಅದರ ಕವಚದಲ್ಲಿದ್ದದ್ದು ನನಗೆ ಹೊಳೆಯಲಿಲ್ಲ. ನಾನು ಜೇಬು ತಡಕುತ್ತಿರುವಾಗ ಹೆಂಡತಿ ನನ್ನ ಡೈರಿ ಬಿಡಿಸಿ, ಅದರೊಳಗಿದ್ದ ಹತ್ತರ ನೋಟು ತೆಗೆದು ಮುಂದೆ ಚಾಚಿಬಿಟ್ಟಳು. ಹಳೆಯ ನೋಟೂ ಇಲ್ಲಿ ಕಾನೂನಿನ ಪ್ರಕಾರ ನಡೆಯುತ್ತದೆ, ಅಳಿಯಂದಿರು ಹೇಳಿದ್ದರು. ಅಂಗಡಿಯ ಹುಡುಗಿಗೆ ಇಪ್ಪತ್ತು ವರ್ಷವಿರಬಹುದು, ಇಂಥದ್ದನ್ನು ಕಂಡವಳಲ್ಲ. ಎರಡೂ ಕಡೆ ತಿರುಗಿಸಿದಳು, ಬೆರಳಿನಲ್ಲಿ ಉಜ್ಜಿದಳು, ಕಿಟಕಿಯ ಬಳಿ ಹೋಗಿ ಗ್ರೀನ್‌ವೇಯ ಮುಖವನ್ನು ಬೆಳಕಿಗೆ ಹಿಡಿದಳು.

“ಕ್ಷಮಿಸಿ, ಇದು ಅಸಲಿಯೇ?” ಎಂದು ಕೇಳಿದಳು.